ಅಕ್ಕೋರ ಬೆನ್ನಿನ ಹುಣ್ಣು

ಅಕ್ಕೋರನ್ನು ನಾನು ಮೊದಲು ನೋಡಿದ್ದು ಬೆನ್ನ ಕಡೆಯಿಂದ. ಸವಣೂರಿನಿಂದ ಬಂದ ಆಂಬುಲೆನ್ಸ್ ಹಾನಗಲ್ಲಿನ ನಮ್ಮ ವೃದ್ಧಾಶ್ರಮದ ಮೆಟ್ಟಿಲ ಮುಂದೆ ನಿಂತಾಗ ಅವರು ಗಾಡಿಯ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸ್ಟ್ರೆಚರ್ ಇಳಿಸುವ ಮೊದಲೇ ವಾಸನೆ ಇಳಿದು ಬಂತು. ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ಬಂದು ಆಶ್ರಮದ ಉಸ್ತುವಾರಿ ಹೊತ್ತಿದ್ದ ನನಗೆ ಆ ವಾಸನೆಯ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ.

“ಸ್ವಲ್ಪ ಹುಣ್ಣಾಗೇದ್ರಿ ಮೇಡಂ, ಹಾಸಿಗಿ ಹುಣ್ಣು ಅಂತಾರಲ್ಲ, ಅದು,” ಎಂದರು ಜತೆಗೆ ಬಂದಿದ್ದ ಅವರ ಅಣ್ಣನ ಮಗ. ಆಮೇಲೆ ದನಿ ತಗ್ಗಿಸಿ, “ತಲೀನೂ ಸ್ವಲ್ಪ ಹೋಗೇದ. ಮಾತಾಡಂಗಿಲ್ಲ,” ಎಂದರು.

ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ; ಇವರು ಸವಣೂರಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವರು. ವೈಷ್ಣವರ ಮನೆತನ, ಅಜ್ಜ ಸಂಸ್ಕೃತ ಪಂಡಿತರು. ಮದುವೆಯಾಗಿರಲಿಲ್ಲ. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಪಕ್ಕದ ಚಪ್ಪೆಯ ಎಲುಬು ಮುರಿದಿತ್ತು. ಶಸ್ತ್ರಚಿಕಿತ್ಸೆಯ ನಂತರ ಎರಡು ತಿಂಗಳು ಅಣ್ಣನ ಮಗನ ಮನೆಯವರು ಅವರನ್ನು ಅಕ್ಕರೆಯಿಂದಲೇ ನೋಡಿಕೊಂಡಿದ್ದರು. ಹೊತ್ತುಹೊತ್ತಿಗೆ ಉಣಿಸಿದ್ದರು, ಮೈ ಒರೆಸಿದ್ದರು. ಆದರೆ ಅಂಗಾತ ಮಲಗಿಸಿಯೇ ಎಲ್ಲವನ್ನೂ ಮಾಡಿದ್ದರು. ಹೊರಳಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದು ಗಾಬರಿಯಲ್ಲಿ ಕಿವಿಗೆ ಬಿದ್ದಿರಲಿಲ್ಲವೋ, ನಾನು ಕೆದಕಲು ಹೋಗಲಿಲ್ಲ.

ಬಟ್ಟೆ ಬಿಚ್ಚಿ ನೋಡಿದಾಗ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವಲ್ಲಿ, ಅಂಗೈಯಗಲ ಜಾಗ ಕರ್ರಗೆ ತೊಗಲಿನ ಹಾಗೆ ಗಟ್ಟಿಯಾಗಿತ್ತು. ಅಂಚಿನಿಂದ ಕೀವು ಜಿನುಗುತ್ತಿತ್ತು. ಶಿಗ್ಗಾಂವಿಯಿಂದ ವಾರಕ್ಕೊಮ್ಮೆ ಬರುವ ನಮ್ಮ ಸರ್ಜನ್ ಮರುದಿನವೇ ಬಂದು ಸತ್ತ ಭಾಗವನ್ನು ಕತ್ತರಿಸಿ ತೆಗೆದರು. ಒಳಗೆ ಒಂದು ಗುಂಡಿ. ಉದ್ದ ಎಂಟು ಸೆಂಟಿಮೀಟರ್, ಅಗಲ ಆರು, ಆಳ ಮೂರು. ತಳದಲ್ಲಿ ಒಂದು ಕಡೆ ಬೆಳ್ಳಗೆ ಎಲುಬು ಕಾಣುತ್ತಿತ್ತು. ಬಲಗಡೆ ಚರ್ಮದ ಅಡಿಯಲ್ಲಿ ಒಂದು ಪೊಳ್ಳು. ಹತ್ತಿಯ ಕಡ್ಡಿ ಹಾಕಿದರೆ ಇನ್ನೆರಡು ಸೆಂಟಿಮೀಟರ್ ಒಳಗೆ ಹೋಗುತ್ತಿತ್ತು. ಕೈ ತೊಳೆಯುತ್ತಾ ಸರ್ಜನ್ ಹೇಳಿದರು, “ನಂಜು ಎಲುಬಿಗಿ ಇಳೀತಂದ್ರ ರಕ್ತಕ್ಕ ಏರ್ತದ. ಆಮ್ಯಾಲೆ ನಮ್ಮ ಕೈಯಾಗ ಏನೂ ಇರಂಗಿಲ್ಲ. ಗಾಯ ತುಂಬೂದು ಕಠಿಣ ಅದ, ಈ ವಯಸ್ಸಿನಾಗ.”

ನಮ್ಮಲ್ಲಿ ಇಪ್ಪತ್ತೆಂಟು ಜನ ಹಿರಿಯರಿದ್ದರು. ಇಂಥ ಗಾಯವನ್ನು ಒಳಗೆ ತೆಗೆದುಕೊಂಡದ್ದು ತಪ್ಪಾಯಿತೇನೋ ಎಂದು ಆ ದಿನ ನನಗೂ ಅನ್ನಿಸಿತು. ಆದರೆ ಸೇರಿಸಿಕೊಳ್ಳುವ ಕಾಗದಕ್ಕೆ ಸಹಿ ಹಾಕಿದವಳು ನಾನೇ.

ಅಕ್ಕೋರ ಜವಾಬ್ದಾರಿಯನ್ನು ಚಿಕ್ಕೇರೂರಿನಿಂದ ಬಂದಿದ್ದ ಆರೈಕೆಯ ಹೆಣ್ಣುಮಗಳಿಗೆ ಕೊಟ್ಟೆ. ಮೂವತ್ತೈದರ ಆಸುಪಾಸಿನವಳು. ಬೌದ್ಧರ ಮನೆ, ಹೊಲದ ಕೆಲಸ ಮಾಡಿ ಬೆಳೆದವಳು. ಮಾತು ಕಡಿಮೆ. ಅವಳ ಕೈಗಳು ಎಷ್ಟು ಗಡುಸಾಗಿದ್ದವೋ ಮುಟ್ಟುವುದು ಅಷ್ಟೇ ಹಗುರ. ದಿನಕ್ಕೆ ಎರಡು ಸಲ ಇಬ್ಬರೂ ಸೇರಿ ಗಾಯ ಕಟ್ಟುತ್ತಿದ್ದೆವು. ಹಳೆಯ ಬಟ್ಟೆಯನ್ನು ಒದ್ದೆ ಮಾಡಿಯೇ ಬಿಡಿಸಬೇಕು, ಒಣಗಿದ್ದನ್ನು ಕಿತ್ತರೆ ಹೊಸ ಮಾಂಸವೂ ಕಿತ್ತು ಬರುತ್ತದೆ. ಸಲೈನಿನಿಂದ ತೊಳೆದು, ಅದೇ ಸಲೈನಿನಲ್ಲಿ ನೆನೆಸಿ ಹಿಂಡಿದ ಗಾಜ್ ಬಟ್ಟೆಯನ್ನು ಗುಂಡಿಯ ತುಂಬ ಸಡಿಲವಾಗಿ ಇಡಬೇಕು. ಬಿಗಿಯಾಗಿ ತುರುಕಿದರೆ ರಕ್ತ ಹರಿಯುವುದಿಲ್ಲ. ವಾರಕ್ಕೊಮ್ಮೆ ಗಾಯದ ಮೇಲೆ ಪಾರದರ್ಶಕ ಹಾಳೆ ಹಿಡಿದು ಪೆನ್ನಿನಿಂದ ಅಂಚಿನುದ್ದಕ್ಕೂ ಗೆರೆ ಎಳೆಯುತ್ತಿದ್ದೆ, ಮೊಬೈಲಿನಲ್ಲಿ ಒಂದು ಫೋಟೋ ತೆಗೆಯುತ್ತಿದ್ದೆ. ಕರೆಂಟಿನಿಂದ ಉಬ್ಬುವ ಗಾಳಿ ಹಾಸಿಗೆ ತರಿಸಿದೆವು. ಎರಡು ತಾಸಿಗೊಮ್ಮೆ ಎಡಕ್ಕೆ, ಆಮೇಲೆ ಬಲಕ್ಕೆ ಹೊರಳಿಸುವ ಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಹೊರಳಿಸಿದವರು ಅಲ್ಲಿ ಸಹಿ ಹಾಕಬೇಕು.

ನಾಲ್ಕು ವಾರ ಕಳೆದರೂ ಗಾಯ ಕಡಿಮೆಯಾಗಲಿಲ್ಲ. ನಾಲ್ಕನೆಯ ಹಾಳೆಯ ಗೆರೆ ಮೊದಲನೆಯದಕ್ಕಿಂತ ಅರ್ಧ ಬೆರಳು ಹೊರಗೆ ಬಿದ್ದಿತ್ತು.

ಗೋಡೆಯ ಪಟ್ಟಿಯಲ್ಲಿ ಎಲ್ಲ ಸಹಿಗಳೂ ಸರಿಯಾಗಿದ್ದವು. ಅತಿ ಸರಿಯಾಗಿದ್ದವು. ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೋಡಿದರೆ ಸಂಜೆ ಆರರವರೆಗಿನ ಸಹಿ ಆಗಲೇ ಬಿದ್ದಿತ್ತು. ಚಿಕ್ಕೇರೂರಿನವಳು ರಜೆಯಲ್ಲಿದ್ದ ದಿನ ಅದು. ಯಾರ ಮೇಲೂ ಕೂಗಾಡಲಿಲ್ಲ. ತಪ್ಪು ನನ್ನದೂ ಆಗಿತ್ತು: ಹದಿನಾರು ಜನರನ್ನು ನೋಡಿಕೊಳ್ಳುವ ಇಬ್ಬರಿಗೆ ಎರಡು ತಾಸಿಗೊಮ್ಮೆ ಓಡಿ ಬನ್ನಿ ಎಂದಿದ್ದೆ. ಪಾಳಿಗಳನ್ನು ಬದಲಿಸಿದೆ, ಅಕ್ಕೋರ ಮಂಚವನ್ನು ಕಾರಿಡಾರಿನ ತುದಿಯಿಂದ ನನ್ನ ಆಫೀಸಿನ ಎದುರಿನ ಖೋಲಿಗೆ ತಂದೆ, ಹಗಲಿನ ಎರಡು ಸರದಿ ನಾನೇ ವಹಿಸಿಕೊಂಡೆ.

ಆರನೆಯ ವಾರದ ಹೊತ್ತಿಗೆ ಗುಂಡಿಯ ತಳದಲ್ಲಿ ಬಣ್ಣ ಬದಲಾಯಿತು. ಬೂದು ಹಳದಿಯಿದ್ದದ್ದು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಎಲುಬಿನ ಬಿಳಿಯ ಮೇಲೆ ಕೆಂಪು ಹರಳುಗಳು ಒಂದೊಂದಾಗಿ ಹತ್ತಿಕೊಂಡವು, ದಾಳಿಂಬೆ ಬಿಡಿಸಿ ಇಟ್ಟ ಹಾಗೆ. ಎಂಟನೆಯ ವಾರ ಎಲುಬು ಪೂರ್ತಿ ಮುಚ್ಚಿಹೋಯಿತು. ಎಷ್ಟೋ ಗಾಯಗಳನ್ನು ಕಟ್ಟಿದ್ದೇನೆ, ಆದರೆ ಆ ದಿನ ಕೈಗವಸು ಹಾಕಿದ ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತುಬಿಟ್ಟೆ. ಮೂವತ್ತೆಂಟು ಕಿಲೋ ತೂಕದ, ಮಾತಾಡದ, ಕಣ್ಣು ತೆರೆಯಲೂ ಬೇಸರಪಡುವ ಒಂದು ಮೈ, ನಮ್ಮ ಯಾರ ಅಪ್ಪಣೆಯನ್ನೂ ಕೇಳದೆ, ತಳದಿಂದ ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ಹೊರಳಿಸುವ ಪಟ್ಟಿ ಸರಿಮಾಡಿದ್ದರ ಫಲ ಇದು ಎಂದು ನನ್ನೊಳಗೆ ಸಣ್ಣ ಹೆಮ್ಮೆಯೂ ಇತ್ತು.

ಆ ಹೆಮ್ಮೆ ಒಂದು ವಾರವೂ ಉಳಿಯಲಿಲ್ಲ. ಚಿಕ್ಕೇರೂರಿನವಳು ಆಫೀಸಿನ ಬಾಗಿಲಲ್ಲಿ ಬಂದು ನಿಂತಳು.

“ಮೇಡಂ, ಒಂದು ಮಾತೈತ್ರಿ. ಅಕ್ಕೋರ ಗಂಜ್ಯಾಗ ತತ್ತಿ ಬೀಳಾಕತ್ತೈತ್ರಿ.”

“ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ರಿ. ಉಣಿಸಾಕಿ ನಾನ. ಯಾಲಕ್ಕಿ ಘಮಕ್ಕ ಇಷ್ಟು ದಿವಸ ತಿಳೀಲಿಲ್ಲ, ಇವತ್ತ ವಾಸನಿ ಬಡೀತ್ರಿ. ನಮ್ಮ ಮನ್ಯಾಗ ತತ್ತಿ ತಿಂತೇವ್ರಿ. ಆದ್ರ ಒಲ್ಲೆ ಅನ್ನವರ ಬಾಯಾಗ ಗೊತ್ತಾಗದಂಗ ಹಾಕೂದು ನನ್ನ ಕೈಲೆ ಆಗಂಗಿಲ್ರಿ. ಇವತ್ತ ಮುಂಜಾನಿ ನಾ ಉಣಿಸಲಿಲ್ಲ, ಹಾಲ ಕುಡಿಸಿದೆ.”

ಮೊದಲ ದಿನವೇ ಸರ್ಜನ್ ಪ್ರೊಟೀನ್ ಹೆಚ್ಚಿಸಿ, ಕೋಳಿಯ ತತ್ತಿ ಕೊಡಿ ಎಂದಿದ್ದರು. ಅಕ್ಕೋರ ಮನೆಯಲ್ಲಿ ಅದು ನಡೆಯುವುದಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿಯೂ ಇಲ್ಲ ಎಂದು ಅಣ್ಣನ ಮಗ ಬರೆಸಿಹೋಗಿದ್ದರು. ನಾನು ಅಡುಗೆಮನೆಗೆ “ಹಾಲು ಬ್ಯಾಳಿ ಜಾಸ್ತಿ ಹಾಕ್ರಿ” ಎಂದು ಹೇಳಿ ಕೈ ತೊಳೆದುಕೊಂಡಿದ್ದೆ. ಅಡುಗೆಯಾಕೆಯನ್ನು ಕರೆಸಿದೆ. ಹತ್ತಿಮತ್ತೂರಿನವರು, ಐವತ್ತು ದಾಟಿದವರು. ಕೇಳುತ್ತಲೇ ಒಪ್ಪಿಕೊಂಡರು.

“ಹೌದ್ರಿ, ನಾನ ಹಾಕೇನಿ. ಬಿಳೇದು ಅಷ್ಟ, ಯಾಲಕ್ಕಿ ಪುಡಿ ಹಾಕಿ. ನಮ್ಮವ್ವಗೂ ಹಿಂಗ ಹುಣ್ಣಾಗಿತ್ರಿ ಮೇಡಂ. ಎಲುಬು ಕಾಣತಿತ್ತು. ಏನ ತಿನಿಸಬೇಕು ಅಂತ ನಮಗ ಆಗ ಯಾರೂ ಹೇಳಲಿಲ್ಲ. ಡಾಕ್ಟರ್ ಹೇಳಿದ್ದು ಇಲ್ಲೇ ನನ್ನ ಕಿವಿಗಿ ಬಿತ್ತು. ಹೆಂಗ ಸುಮ್ನ ಕುಂಡರ್ಲಿ?” ಹೋಗಲು ತಿರುಗಿದವರು ನಿಂತು, “ಹುಣ್ಣು ತುಂಬಾಕತ್ತೈತಲ್ರಿ?” ಎಂದರು.

ತುಂಬುತ್ತಿತ್ತು. ಅದೇ ಕಷ್ಟವಾಗಿತ್ತು.

ಅಣ್ಣನ ಮಗನಿಗೆ ಫೋನ್ ಮಾಡಿದೆ. ಅವರು, “ಆಗಿದ್ದು ಆತ್ರಿ. ಅವರಿಗೆ ಮಾತ್ರ ಹೇಳಬ್ಯಾಡ್ರಿ. ಊಟಾನ ಬಿಟ್ಟುಬಿಡ್ತಾರ,” ಎಂದರು. ಸರ್ಜನ್ ಹೇಳಿದ್ದೂ ಅದನ್ನೇ: “ಗಾಯ ಹಾದಿಗಿ ಹತ್ತೇದ ಮೇಡಂ. ಈಗ ನಾಲ್ಕು ದಿವಸ ಉಪವಾಸ ಬಿದ್ರಂದ್ರ ಮತ್ತ ಎಲುಬು ನೋಡಬೇಕಾಗ್ತದ. ವಿಚಾರ ಮಾಡ್ರಿ.” ಗಂಜಿಗೆ ತತ್ತಿ ಹಾಕುವುದನ್ನು ಅಂದೇ ನಿಲ್ಲಿಸಿದೆ. ಹೇಳುವುದೋ ಬಿಡುವುದೋ ಎಂಬುದು ಉಳಿಯಿತು.

ಆ ಸಂಜೆ ಗಾಯ ಕಟ್ಟುವಾಗ ಅಕ್ಕೋರ ಬಲಗೈ ಮಂಚದ ಸರಳನ್ನು ಹಿಡಿದಿದ್ದು ಕಣ್ಣಿಗೆ ಬಿತ್ತು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಒಂಬತ್ತು ವಾರ, ದಿನಕ್ಕೆರಡು ಸಲ, ಆ ಕೈ ಹಾಗೇ ಹಿಡಿದಿತ್ತು. ಬಾಯಿಂದ ಒಂದು ನರಳಿಕೆ ಬಂದಿರಲಿಲ್ಲ. ಅಷ್ಟು ದಿನಗಳಲ್ಲಿ ನಾನು ಅವರಿಗೆ ಹೇಳಿದ್ದು ಎರಡೇ ಮಾತು: “ಸ್ವಲ್ಪ ತಡೀರಿ ಅಕ್ಕೋರ”, “ಆತ್ರಿ, ಮುಗೀತು”. ಗಾಯ ಎಷ್ಟು ದೊಡ್ಡದು, ಯಾಕೆ ಆಯಿತು, ಒಳಗೆ ಏನಾಗುತ್ತಿದೆ ಎಂದು ಒಂದು ದಿನವೂ ಹೇಳಿರಲಿಲ್ಲ. ಅವರ ಬೆನ್ನಿನ ಬಗ್ಗೆ ಅವರ ಬೆನ್ನ ಹಿಂದೆ ನಾವೆಲ್ಲ ಮಾತಾಡಿದ್ದೆವು. ತಲೆ ಹೋಗಿದೆ ಎಂದು ಒಬ್ಬರು ಹೇಳಿದ್ದನ್ನು ಪರೀಕ್ಷಿಸದೆ ನಂಬಿದ್ದೆ. ಗಂಜಿಯಲ್ಲಿ ತತ್ತಿ ಹಾಕಿದವರಿಗೂ ನನಗೂ ದೊಡ್ಡ ಫರಕೇನಿರಲಿಲ್ಲ.

ಹೇಳುವುದೆಂದು ತೀರ್ಮಾನಿಸಿದೆ. ಅಡುಗೆಯಾಕೆಗೆ ತಿಳಿಸಿದಾಗ ಅವರು ಸೆರಗಿನಿಂದ ಮುಖ ಒರೆಸಿಕೊಂಡು, “ನೀವು ಹೇಳಬ್ಯಾಡ್ರಿ. ನನ್ನ ಕೈಲೆ ಆಗಿದ್ದು, ನಾನ ಹೇಳತೇನಿ,” ಎಂದರು.

ಮರುದಿನ ಹತ್ತು ಗಂಟೆಗೆ ಅಕ್ಕೋರ ಮುಖದ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತೆ. ಆ ಕಡೆ ಕುರ್ಚಿ ಹಾಕಿದ್ದು ಅದೇ ಮೊದಲು. ಅಡುಗೆಯಾಕೆ ನೆಲದ ಮೇಲೆ ಕುಳಿತು, ಅವ್ವನ ಸಂಗತಿಯನ್ನೂ ಬಿಡದೆ, ನಡೆದದ್ದನ್ನೆಲ್ಲ ಹೇಳಿದರು. ಚಿಕ್ಕೇರೂರಿನವಳು ಬಾಗಿಲಿಗೆ ಒರಗಿ ನಿಂತಿದ್ದಳು.

ಅಕ್ಕೋರು ಕಣ್ಣು ತೆರೆದರು. ತಿಳಿಯಾದ, ಪೂರ್ತಿ ಎಚ್ಚರವಿದ್ದ ಕಣ್ಣುಗಳು.

“ಎಷ್ಟು ದಿವಸ ಆತು?” ಎಂದರು. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲ ಸಲ.

“ಇಪ್ಪತ್ತು ದಿವಸ ಆತ್ರಿ, ಅಕ್ಕೋರ,” ಎಂದರು ಅಡುಗೆಯಾಕೆ.

ಮತ್ತೆ ಕಣ್ಣು ಮುಚ್ಚಿದರು. ಆ ಮಧ್ಯಾಹ್ನ ಊಟ ಮಾಡಲಿಲ್ಲ, ಸಂಜೆಯೂ ಇಲ್ಲ. ಒಂದಿಷ್ಟು ನೀರಿಗೆ ತುಳಸಿ ಎಲೆ ಹಾಕಿಸಿಕೊಂಡು ಅದನ್ನಷ್ಟೇ ಕುಡಿದರು. ಅಣ್ಣನ ಮಗ ಎರಡು ಸಲ ಫೋನ್ ಮಾಡಿದರು. ಇನ್ನೂ ಉಂಡಿಲ್ಲ ಎಂದಷ್ಟೇ ತಿಳಿಸಿದೆ. ಗಾಯ ಕಟ್ಟುವಾಗ ಕೆಂಪು ಸ್ವಲ್ಪ ಮಂಕಾದಂತೆ ಕಂಡಿತು. ಅದು ನನ್ನ ಹೆದರಿಕೆಯೂ ಇರಬಹುದು. ಒಂದು ತೀರ್ಮಾನ ಸರಿಯಿದ್ದರೂ ಅದರಿಂದ ಒಬ್ಬರು ಸಾಯಬಹುದು ಎಂಬುದನ್ನು ಆ ಒಂದು ದಿನ ನಾನು ಹೊತ್ತುಕೊಂಡು ತಿರುಗಿದೆ.

ಮರುದಿನ ಮುಂಜಾನೆ ಚಿಕ್ಕೇರೂರಿನವಳು ಬಂದು, “ಅಕ್ಕೋರು ಕರೀತಾರ್ರಿ,” ಎಂದಳು.

“ಗಾಯಕ್ಕ ಪ್ರೊಟೀನ್ ಬೇಕಂತ ಹಾಕಿದ್ರೇನು?” ನಾನು ಕೂಡುವ ಮೊದಲೇ ಕೇಳಿದರು.

“ಹೌದ್ರಿ.”

“ಗಾಯ ಎಷ್ಟು ಅದ?”

ಬಾಯಿಂದ ಹೇಳಲು ಹೋಗಿ ನಿಲ್ಲಿಸಿದೆ. “ನೋಡತೀರೇನ್ರಿ?” ಎಂದೆ. ಅವರು ಕನ್ನಡಕ ಕೇಳಿದರು. ಅದು ಎಲ್ಲಿದೆಯೆಂದೇ ನಮಗೆ ಗೊತ್ತಿರಲಿಲ್ಲ. ಬಂದ ದಿನದ ಚೀಲದಲ್ಲಿ, ಸೀರೆಗಳ ಅಡಿಯಲ್ಲಿ ಸಿಕ್ಕಿತು.

ಮೊಬೈಲನ್ನು ಅವರ ಮುಖದ ಹತ್ತಿರ ಹಿಡಿದು ಮೊದಲ ದಿನದ ಕಪ್ಪು ತೋರಿಸಿದೆ. ಆಮೇಲೆ ಕತ್ತರಿಸಿದ ನಂತರದ್ದು. ಅವರು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಲು ಹೇಳಿದರು. ಅಸಹ್ಯಪಟ್ಟುಕೊಳ್ಳುತ್ತಾರೆ, ಅಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ತೋರುಬೆರಳಿಟ್ಟು ಅಂಚಿನಿಂದ ಒಳಗೆ ನಿಧಾನವಾಗಿ ಸಾಗಿದರು.

“ಇದು ಹೊರಚರ್ಮ. ಇದು ಒಳಚರ್ಮ. ಈ ಹಳದಿ ಇದ್ದದ್ದು ಕೊಬ್ಬು. ಇದು ಸ್ನಾಯು. ಈ ಬೆಳ್ಳಗಿಂದು ಎಲುಬು ಹೌದಲ್ಲೋ?”

“ಹೌದ್ರಿ.”

“ಮೂವತ್ತು ವರ್ಷ ಬೋರ್ಡಿನ ಮ್ಯಾಲೆ ಇದರ ಚಿತ್ರ ತಗದೇನಿ, ಬಣ್ಣದ ಖಡು ತಗೊಂಡು. ಎಲುಬು ಇಷ್ಟು ಹತ್ತರ ಇರ್ತದ ಅಂತ ನನಗ ತಿಳದಿರಲಿಲ್ಲ.” ನಂತರ ಕೊನೆಯ ಚಿತ್ರಕ್ಕೆ ಬಂದರು, ದಾಳಿಂಬೆ ಕಾಳಿನಂಥದ್ದು. ಬಹಳ ಹೊತ್ತು ನೋಡಿದರು. “ಇದು ಹೊಸಾದೇನು?”

“ಹೊಸಾದ್ರಿ. ಹೋದ ತಿಂಗಳಿಂದ ಬಂದದ್ದು.”

“ಎಂಬತ್ತಕ್ಕ ಬಂದಾಕಿಗೆ ಇದು ಬರ್ತದ?” ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ. ಚಿಕ್ಕೇರೂರಿನವಳು ಹತ್ತಿರ ಬಂದು, “ಬರಾಕತ್ತೈತ್ರಿ ಅಕ್ಕೋರ. ನಾ ದಿನಾ ನೋಡತೇನ್ರಿ,” ಎಂದಳು.

“ಪ್ರೊಟೀನ್ ಎಷ್ಟು ಬೇಕಂದಾರ ಡಾಕ್ಟರ್?”

“ದಿನಕ್ಕ ಐವತ್ತೈದು ಗ್ರಾಂ ಅಂದಾರ್ರಿ.”

“ಹಾಳಿ ಪೆನ್ನು ತಗೋರಿ.”

ಅವರು ಹೇಳಿದರು, ನಾನು ಬರೆದೆ. ನೂರು ಗ್ರಾಂ ಹೆಸರುಕಾಳಿನಲ್ಲಿ ಎಷ್ಟು, ಶೇಂಗಾದಲ್ಲಿ ಎಷ್ಟು, ಹುರಿಗಡಲೆ ಪುಠಾಣಿಯಲ್ಲಿ ಎಷ್ಟು, ಎಲ್ಲ ಬಾಯಿಪಾಠ. ಹಾಲನ್ನು ಲಿಂಬಿಹುಳಿ ಹಿಂಡಿ ಒಡೆಸಿ ಗಟ್ಟಿಯನ್ನು ತಿನ್ನುವುದು, ಉಳಿದ ತಿಳಿನೀರನ್ನು ಚೆಲ್ಲದೆ ಅನ್ನಕ್ಕೆ ಹಾಕುವುದು. ಹೆಸರಿನ ಮೊಳಕೆ ಕುದಿಸಿ ಅರೆದದ್ದು, ಬಳ್ಳೊಳ್ಳಿಯಿಲ್ಲದ ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಒಮ್ಮೆಲೇ ಉಣ್ಣಲಾಗುವುದಿಲ್ಲ ಎಂದು ಆರು ಹೊತ್ತಿಗೆ ಹಂಚಿದರು. ಏಕಾದಶಿಯ ದಿನದ ಬಗ್ಗೆ ಕೇಳಿದೆ. “ಮೈ ಬ್ಯಾನಿ ಇದ್ದವರಿಗೆ ಹಾಲು, ಶೇಂಗಾ ನಡೀತದ. ಅಷ್ಟು ನನಗ ಗೊತ್ತದ,” ಎಂದರು. ಆಮೇಲೆ ಅಡುಗೆಯಾಕೆಯನ್ನು ಕರೆಸಿದರು. ಆಕೆ ತಲೆ ತಗ್ಗಿಸಿ ನಿಂತರು.

“ನಿಮ್ಮ ಅವ್ವನ ಸಲುವಾಗಿ ಕೆಟ್ಟ ಅನಸ್ತು,” ಎಂದರು ಅಕ್ಕೋರು. “ತತ್ತಿ ಮತ್ತ ಹಾಕಬ್ಯಾಡ. ಹೆಸರು ಮೊಳಕಿ ಕಟ್ಟಲಿಕ್ಕೆ ಬರ್ತದಲ್ಲ?”

“ಬರ್ತೈತ್ರಿ.”

“ಹಂಗಾರ ಇವತ್ತ ನೆನಿ ಇಡು.”

ಆ ಮಧ್ಯಾಹ್ನ ಅವರು ಉಂಡರು. ತಾವಾಗಿ ಬಾಯಿ ತೆರೆದು ಉಂಡದ್ದನ್ನು ಅಂದೇ ನೋಡಿದೆವು. ಅಲ್ಲಿಯವರೆಗೆ ಉಣಿಸಿದ್ದನ್ನು ನುಂಗಿದ್ದರು, ಅಷ್ಟೇ.

ನಂತರದ ತಿಂಗಳುಗಳೇನೂ ಸಲೀಸಾಗಿರಲಿಲ್ಲ. ಹಿಂಗಾರು ಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟ್ ಹೋಯಿತು. ಇನ್ವರ್ಟರ್ ಮೊದಲ ದಿನದ ಸಂಜೆಗೇ ಕೈ ಕೊಟ್ಟಿತು, ಗಾಳಿ ಹಾಸಿಗೆ ಚಪ್ಪಟೆಯಾಗಿ ಮಲಗಿತು. ಅದರ ಮೇಲೆ ಹತ್ತಿಯ ಗಾದಿ ಹಾಸಿ, ಎರಡು ತಾಸಿನ ಬದಲು ತಾಸಿಗೊಮ್ಮೆ ಹೊರಳಿಸಿದೆವು. ಆಗ ಲೆಕ್ಕ ಇಟ್ಟವರು ಅಕ್ಕೋರೇ. ಕೈಗಡಿಯಾರವನ್ನು ದಿಂಬಿನ ಹತ್ತಿರ ಇಟ್ಟುಕೊಂಡು, “ಹನ್ನೊಂದಾತು, ಈಗ ಬಲಕ್ಕ,” ಎಂದು ಕರೆಯುತ್ತಿದ್ದರು. ಮುಂದೆ ಅದೇ ರೂಢಿಯಾಯಿತು. ಗೋಡೆಯ ಪಟ್ಟಿಯಲ್ಲಿ ಮುಂಗಡ ಸಹಿ ಹಾಕುವ ಧೈರ್ಯ ಮತ್ತೆ ಯಾರಿಗೂ ಬರಲಿಲ್ಲ.

ಸಂಕ್ರಮಣದ ಹೊತ್ತಿಗೆ ಗಾಯ ತುಂಬುವುದು ನಿಂತುಹೋಯಿತು. ಮೂರು ವಾರ ಹಾಳೆಯ ಗೆರೆ ಒಂದೇ ಜಾಗದಲ್ಲಿ ಬಿತ್ತು. ಅಂಚಿನ ಚರ್ಮ ಒಳಗೆ ಮಡಚಿಕೊಂಡು ದಪ್ಪಗಾಗಿತ್ತು. ಗಾಯ ಮುಗಿಯಿತೆಂದು ಮೈ ತಪ್ಪು ತಿಳಿದುಕೊಂಡಿದೆ ಎಂದರು ಸರ್ಜನ್. ಅಂಚನ್ನು ಕೆರೆದು ಮತ್ತೆ ಹಸಿ ಮಾಡಬೇಕಿತ್ತು. ಹಿಂದಿನ ಸಲ ಹೇಳದೆ ಮಾಡಿದ್ದೆವು. ಈ ಸಲ ಸರ್ಜನ್ ಅವರ ಮುಂದೆ ಕುಳಿತು ಚಿತ್ರ ಬರೆದು ವಿವರಿಸಿದರು. ಅಕ್ಕೋರು ಅವರ ಚಿತ್ರದಲ್ಲಿ ಒಂದು ಪದರವನ್ನು ತಿದ್ದಿ, “ಮಾಡ್ರಿ,” ಎಂದರು. ಸರಳು ಹಿಡಿಯುವ ಬದಲು ಚಿಕ್ಕೇರೂರಿನವಳ ಮುಂಗೈ ಹಿಡಿದುಕೊಂಡರು.

ಆ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಮೂವರು ಹೆಣ್ಣುಮಕ್ಕಳಿಗೆ ಹಾಸಿಗೆ ಹುಣ್ಣಿನ ಪಾಠವನ್ನು ನಾನು ಮಾಡಬೇಕಿತ್ತು. “ನಾ ಹೇಳತೇನಿ, ಕರಕೊಂಡು ಬರ್ರಿ,” ಎಂದರು ಅಕ್ಕೋರು. ಮಗ್ಗುಲಾಗಿ ಮಲಗಿ, ಬೆನ್ನನ್ನು ಅವರ ಕಡೆ ಮಾಡಿ, ಮುಖ ಕಾಣದೆಯೇ ಅರ್ಧ ತಾಸು ಮಾತಾಡಿದರು. ಚರ್ಮ ಎಲ್ಲಿ ತೆಳುವು, ಒತ್ತಡ ಎಲ್ಲಿ ಬೀಳುತ್ತದೆ, ಮೊದಲ ಕೆಂಪು ಹೇಗಿರುತ್ತದೆ, ಒತ್ತಿದರೆ ಬಿಳಿಯಾಗದ ಕೆಂಪು ಯಾಕೆ ಕೆಟ್ಟದ್ದು. ಚಿಕ್ಕೇರೂರಿನವಳು ಅವರು ಹೇಳಿದಲ್ಲಿ ಬೆರಳು ತೋರಿಸುತ್ತಾ ಹೋದಳು. “ಮಲಗಿದವರಿಗೆ ಏನೂ ತಿಳಿಯಂಗಿಲ್ಲ ಅಂತ ಅನಕೋಬ್ಯಾಡ್ರಿ,” ಎಂದದ್ದು ಆ ಹುಡುಗಿಯರಿಗೆ. ಬಾಗಿಲಲ್ಲಿ ನಿಂತಿದ್ದ ನನಗೂ ತಲುಪಿತು.

ಯುಗಾದಿಯ ನಂತರದ ವಾರ ಗಾಯದ ಮಧ್ಯದಲ್ಲಿ ಉಳಿದಿದ್ದ ಕಡಲೆಕಾಳಿನಷ್ಟು ಕೆಂಪೂ ಮುಚ್ಚಿತು. ಮೂವತ್ತೆರಡು ಹಾಳೆಗಳಾಗಿದ್ದವು. ಕಿಟಕಿಯ ಬೆಳಕಿಗೆ ಒಂದರ ಮೇಲೊಂದು ಹಿಡಿದರೆ, ಮೊದಲ ಕೆಲವನ್ನು ಬಿಟ್ಟು, ಒಂದರೊಳಗೊಂದು ಸಣ್ಣದಾಗುತ್ತಾ ಹೋಗುವ ಗೆರೆಗಳು. ಯಾವ ದಿನದ ಊಟ ಯಾವ ಗೆರೆಯನ್ನು ಒಳಗೆ ಸರಿಸಿತು, ಎಷ್ಟನ್ನು ತತ್ತಿ ಮಾಡಿತು, ಎಷ್ಟನ್ನು ಹೆಸರುಕಾಳು ಮಾಡಿತು, ಎಷ್ಟನ್ನು ಆ ಗಡುಸು ಕೈಗಳು ಮಾಡಿದವು ಎಂದು ಯಾರೂ ಬಿಡಿಸಿ ಹೇಳಲಾರರು.

ಮುಚ್ಚಿದ ಚರ್ಮ ಇನ್ನೂ ಎಳೆಯದು, ಭಾರ ತಡೆಯಲಾರದು ಎಂದು ಸರ್ಜನ್ ಎಚ್ಚರಿಸಿದ್ದರು. ಹದಿನೈದು ದಿನ ಬಿಟ್ಟು, ದಿನಕ್ಕೊಮ್ಮೆ ಹತ್ತು ನಿಮಿಷ ಮಾತ್ರ ಅಂಗಾತ ಮಲಗಿಸಬಹುದು ಎಂದರು. ನಾನೂ ಚಿಕ್ಕೇರೂರಿನವಳೂ ಎರಡು ಕಡೆ ನಿಂತು, ದಿಂಬುಗಳನ್ನು ಒಂದೊಂದಾಗಿ ತೆಗೆದು, ಅವರನ್ನು ಮೆಲ್ಲಗೆ ಬೆನ್ನ ಮೇಲೆ ಇಳಿಸಿದೆವು. ಅಕ್ಕೋರು ಎರಡೂ ಕೈಗಳನ್ನು ಹಾಸಿಗೆಯ ಮೇಲೆ ಚಾಚಿದರು. ಉಸಿರು ಒಳಗೆ ಎಳೆದುಕೊಂಡು, ಬಹಳ ಹೊತ್ತು ಹಿಡಿದು, ಬಿಟ್ಟರು.

“ಅಂಗಾತ ಮಲಗೂದು ಇಷ್ಟು ಛಲೋ ಇರ್ತದ ಅಂತ ಯಾವ ಪಾಠದಾಗೂ ಇಲ್ಲ ನೋಡ್ರಿ,” ಎಂದರು.

ಎಂಟು ನಿಮಿಷವಾದಾಗ ಚಿಕ್ಕೇರೂರಿನವಳು ದಿಂಬು ಎತ್ತಿಕೊಂಡು ಹತ್ತಿರ ಬಂದಳು. ಅಕ್ಕೋರು ಕಣ್ಣು ತೆರೆಯಲಿಲ್ಲ.

“ಇನ್ನ ಎರಡು ನಿಮಿಷ ಅದ,” ಎಂದರು. “ಗಡಬಡಿ ಮಾಡಬ್ಯಾಡ.”